ಬ್ಯಾಕಪ್ಪಿನಲ್ಲಿ ಇಲ್ಲದ ಮುಖ

ತೆರೆಯ ಮೇಲೆ ಅಪ್ಪನ ಹೆಸರು ಬಂತು. ಹುಟ್ಟಿದ ವರ್ಷ, ಸತ್ತ ತಾರೀಕು, ಎರಡು ಬದಿಯಲ್ಲಿ ಉರಿಯುವ ದೀಪ, ಜರಿ ಅಂಚಿನ ಶಲ್ಯ ಹೊದ್ದ ಎರಡು ಹೆಗಲು, ಎಲ್ಲವೂ ಬಂದವು. ಹೆಗಲುಗಳ ಮೇಲೆ ಮುಖ ಇರಬೇಕಾದ ಕಡೆ ಮಾತ್ರ ಒಂದು ಬೂದು ಚೌಕ ಇತ್ತು. ಚೌಕದ ಮೂಲೆಯಿಂದ ಮೂಲೆಗೆ ಎರಡು ಗೆರೆ, ತಪ್ಪು ಉತ್ತರಕ್ಕೆ ಮೇಷ್ಟ್ರು ಹೊಡೆಯುವ ಗೆರೆಗಳ ಹಾಗೆ.

ಮುನಿಕೃಷ್ಣ ಕಾದ. ಹಳೆಯ ಸಾಫ್ಟ್‌ವೇರಿನಲ್ಲಿ ಚಿತ್ರಗಳು ಕೆಲವೊಮ್ಮೆ ತಡವಾಗಿ ಬರುತ್ತವೆ.

ಬರಲಿಲ್ಲ.

"ಆಯ್ತಾ?" ಅಡಿಗೆಮನೆಯಿಂದ ಹೆಂಡತಿ ದಿವ್ಯ ಕೇಳಿದಳು.

"ಆಗ್ತಿದೆ."

"ಮುಖ ಚೆನ್ನಾಗಿ ಬಂದಿದೆಯಾ?"

"ಶಲ್ಯ ಚೆನ್ನಾಗಿ ಬಂದಿದೆ."

ನಾಳೆ ಬೈರಕೂರಿನಲ್ಲಿ ಅಪ್ಪನ ವರ್ಷದ ಕಾರ್ಯ. ಇವತ್ತು ಸಂಜೆಯೊಳಗೆ ಊರಿನ ಬಾಗಿಲಲ್ಲಿ 'ಪ್ರಥಮ ವರ್ಷದ ಪುಣ್ಯಸ್ಮರಣೆ'ಯ ಫ್ಲೆಕ್ಸ್ ಏಳಬೇಕು. ಫ್ಲೆಕ್ಸ್ ಇಲ್ಲದಿದ್ದರೆ ನೆಂಟರಿಗೆ ಯಾವ ಮನೆಗೆ ಊಟಕ್ಕೆ ಹೋಗಬೇಕೆಂದು ತಿಳಿಯುವುದಿಲ್ಲ. ತಿಳಿದರೂ ಹೋದ ಹಾಗಾಗುವುದಿಲ್ಲ. ಮನೆಯ ಬೇರೆ ಕೆಲಸಗಳನ್ನೆಲ್ಲ ತಮ್ಮ ಚಂದ್ರಮೋಹನ್ ವಹಿಸಿಕೊಂಡಿದ್ದ. ಕೋಲಾರದ ಖಾಸಗಿ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವ ದೊಡ್ಡ ಮಗನಿಗೆ ಒಂದೇ ಒಂದು ಕೆಲಸ ಬಿಟ್ಟಿದ್ದರು: ಅಪ್ಪನ ಮುಖ ತರುವುದು.

ಅದರ ಬಗ್ಗೆ ಅವನಿಗೆ ಆತಂಕ ಇರಲಿಲ್ಲ. ಆತಂಕ ಪಡಬಾರದೆಂದೇ ಅವನು ಇಷ್ಟು ವರ್ಷ ಬ್ಯಾಕಪ್ ತೆಗೆದದ್ದು.

ಕಾಲೇಜಿನ ಕನ್ನಡ ಪ್ರಶ್ನೆಪತ್ರಿಕೆಗಳನ್ನು ಕೂಡಿಸುವ ಹಳೆಯ ಸಾಫ್ಟ್‌ವೇರ್ ಹೊಸ ಕಂಪ್ಯೂಟರುಗಳಲ್ಲಿ ಏಳುತ್ತಿರಲಿಲ್ಲ. ಹಾಗಾಗಿ ಮುನಿಕೃಷ್ಣ ತನ್ನ ಲ್ಯಾಪ್‌ಟಾಪಿನೊಳಗೆ ಒಂದು ವರ್ಚುವಲ್ ಮಷೀನ್ ಮಾಡಿಟ್ಟಿದ್ದ. ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಹಳೆಯ ಕಂಪ್ಯೂಟರ್ ಇದ್ದಂತೆ ನಟನೆ. ಒಳಗಿನದಕ್ಕೆ ತಾನು ನಿಜವಲ್ಲ ಎಂದು ಗೊತ್ತಿಲ್ಲ. ಬೆಳಿಗ್ಗೆ ಎದ್ದು ತನ್ನ ಹಳೆಯ ಹಸಿರು ಗುಡ್ಡದ ಚಿತ್ರ ತೋರಿಸಿ, ಹೇಳಿದ ಕೆಲಸ ಮಾಡಿ, ಮಲಗುತ್ತದೆ. ಸಹೋದ್ಯೋಗಿಗಳಲ್ಲಿ ಮುನಿಕೃಷ್ಣನಿಗೆ ಹೊಂದಿಕೆಯಾದದ್ದು ಅದೊಂದೇ. ಹೋದ ವರ್ಷ ಅಪ್ಪ ಸತ್ತಾಗ ಫ್ಲೆಕ್ಸನ್ನೂ ಅದರಲ್ಲೇ ಮಾಡಿದ್ದ: ದೀಪ, ಶಲ್ಯ ಸಾಫ್ಟ್‌ವೇರಿನವು, ಮುಖ ಮಾತ್ರ ಅಪ್ಪನದು.

ಹೊರಗಿನಿಂದ ನೋಡಿದರೆ ಆ ಇಡೀ ಮಷೀನ್ ಒಂದೇ ಒಂದು ದೊಡ್ಡ ಫೈಲು. ಅದನ್ನು ಶುಕ್ರವಾರ ಶುಕ್ರವಾರ ಅವನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ತುಂಬುತ್ತಿದ್ದ. ಇನ್ನೊಂದು ಡಿಸ್ಕು ಮಾಲೂರಿನಲ್ಲಿ ತಂಗಿ ಪದ್ಮಶ್ರೀಯ ಬೀರುವಿನಲ್ಲಿರುತ್ತಿತ್ತು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿ ಅದಕ್ಕೂ ತುಂಬಿ ಬರುತ್ತಿದ್ದ. ಕೋಲಾರಕ್ಕೆ ಬೆಂಕಿ ಬಿದ್ದರೂ ಮಾಲೂರು ಉಳಿಯಬೇಕು ಎಂಬುದು ಲೆಕ್ಕ. ಸ್ಟಾಫ್ ರೂಮಿನಲ್ಲಿ ಅವನಿಗೆ 'ಬ್ಯಾಕಪ್ ಸಾರ್' ಎಂದೇ ಹೆಸರು. "ಮಗು ಒಂದೇ ಸಾಕಾ ಸಾರ್? ಇನ್ನೊಂದು ಪ್ರತಿ ಬೇಡ್ವಾ?" ಎಂದು ರಸಾಯನಶಾಸ್ತ್ರದ ಅಮರನಾಥ್ ಕೇಳಿದಾಗ ಎಲ್ಲರೂ ನಕ್ಕಿದ್ದರು. ಮುನಿಕೃಷ್ಣ ತಾನೂ ನಕ್ಕು, ಆಮೇಲೆ ಬಸ್ಸಿನಲ್ಲಿ ಕೂತು ಆ ನಗುವನ್ನು ವಾಪಸು ತೆಗೆದುಕೊಂಡಿದ್ದ.

ಕಳೆದ ವಾರ ಲ್ಯಾಪ್‌ಟಾಪ್ ಸತ್ತಾಗ ಅವನಿಗೆ ಒಳಗೊಳಗೇ ಸಂತೋಷವೇ ಆಗಿತ್ತು. ಇಷ್ಟು ವರ್ಷ ಕಾದಿದ್ದ ವಿಪತ್ತು ಕೊನೆಗೂ ಬಂದಿತ್ತು. ಸತ್ತದ್ದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದನ್ನು ತಂದ. "ಒಳಗೆ ಏನಾದ್ರೂ ಬೇಕಾದ್ದು ಇತ್ತಾ ಸಾರ್?" ಎಂದು ಅಂಗಡಿಯವನು ಕೇಳಿದ್ದ. "ನನ್ನದು ಎಲ್ಲಾ ಹೊರಗಿದೆ" ಎಂದಿದ್ದ ಮುನಿಕೃಷ್ಣ, ಸ್ವಲ್ಪ ದೊಡ್ಡ ದನಿಯಲ್ಲೇ.

ಬ್ಯಾಕಪ್ಪಿನ ಮಷೀನು ಹೊಸ ಲ್ಯಾಪ್‌ಟಾಪಿನಲ್ಲಿ ಬಿಟ್ಟಲ್ಲಿಂದಲೇ ಎದ್ದು ಬಂದಿತ್ತು. ಅರ್ಧ ಟೈಪಾಗಿ ನಿಂತ ಪ್ರಶ್ನೆಯೂ ಹಾಗೇ ಇತ್ತು: 'ಜಡತ್ವ ಎಂದರೇನು? ಒಂದು ಉದಾ'. ಮುಖ ಮಾತ್ರ ಇರಲಿಲ್ಲ.

ಫೋನು ಹೊಡೆದುಕೊಂಡಿತು. ಚಂದ್ರಮೋಹನ್.

"ಅಣ್ಣಾ, ಮುಳಬಾಗಿಲಲ್ಲಿ ಫ್ಲೆಕ್ಸ್ ಅಂಗಡೀಲೇ ಇದೀನಿ. ಕಳಿಸ್ತೀಯಾ?"

"ತರ್ತೀನಿ."

"ಯಾಕೆ, ಮೇಲ್ ಮಾಡಕ್ಕಾಗಲ್ವಾ?"

"ದೊಡ್ಡ ಫೈಲು."

ಅದು ಸುಳ್ಳಲ್ಲ.

ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಪದ್ಮಶ್ರೀ ಮಾಲೂರು ಬಸ್ಸಿನಿಂದ ಇಳಿದಳು. ಕೈಯಲ್ಲಿ ಕಜ್ಜಾಯದ ಡಬ್ಬಿ. ಡಬ್ಬಿಯ ಮೇಲೆ ಟರ್ಕಿ ಟವೆಲಿನಲ್ಲಿ ಸುತ್ತಿದ ಹಾರ್ಡ್ ಡಿಸ್ಕು, ಹೆರಿಗೆ ಆಸ್ಪತ್ರೆಯಿಂದ ಮಗು ಬಂದ ಹಾಗೆ. ಬರುವಾಗ ತಾ ಎಂದು ಅವನೇ ಫೋನಿನಲ್ಲಿ ಹೇಳಿದ್ದ. ಬಿಚ್ಚಿದರೆ ಡಿಸ್ಕಿನ ನೆತ್ತಿಯ ಮೇಲೆ ಅರಿಶಿನ, ಕುಂಕುಮ, ಒಣಗಿದ ಗಂಧ.

"ಇದೇನೇ?"

"ಆಯುಧ ಪೂಜೆಗೆ ಬೀರು ತೊಳೆದ್ನಲ್ಲ, ಇದಕ್ಕೂ ಇಟ್ಟೆ. ಕಣ್ಣಿಗೆ ಹಾಕಿಲ್ಲ, ಹೆದರಬೇಡ." ಕಣ್ಣು ಎಂದರೆ ಅವಳ ಪ್ರಕಾರ ವೈರು ಚುಚ್ಚುವ ಜಾಗ.

ಕಲ್ಲುಬೆಂಚಿನ ಮೇಲೆ ಕೂತು ಅವನು ಲ್ಯಾಪ್‌ಟಾಪ್ ತೆರೆದ. ಬಾಳೆಹಣ್ಣು ತಿನ್ನುತ್ತಿದ್ದ ಮುದುಕನೊಬ್ಬ ಜರುಗಿ ಜಾಗ ಕೊಟ್ಟು, ತಾನೂ ಬಗ್ಗಿ ನೋಡತೊಡಗಿದ. ಮಾಲೂರಿನ ಮಷೀನು ಎದ್ದಿತು. ಹಸಿರು ಗುಡ್ಡ. ಹೆಸರು, ದೀಪ, ಶಲ್ಯ. ಬೂದು ಚೌಕ.

"ಯಾರದ್ದು ಪಾಪ, ಮುಖ ಹೋಗಿಬಿಟ್ಟದಲ್ಲ?" ಎಂದ ಮುದುಕ. "ಆಕ್ಸಿಡೆಂಟಾ?"

ಆಗ ಮುನಿಕೃಷ್ಣನಿಗೆ ಹೊಳೆಯಿತು.

ಫೋಟೋಗಳನ್ನು ಅವನು ಮಷೀನಿನ ಒಳಗೆ ಇಟ್ಟಿರಲೇ ಇಲ್ಲ. ಒಳಗಿಟ್ಟರೆ ಫೈಲು ಊದಿಕೊಳ್ಳುತ್ತದೆ. ಹೊರಗೆ, ಲ್ಯಾಪ್‌ಟಾಪಿನದೇ ಒಂದು ಫೋಲ್ಡರಿನಲ್ಲಿಟ್ಟು, ಮಷೀನಿನಿಂದ ಅದಕ್ಕೊಂದು ಕಿಂಡಿ ಕೊರೆದಿದ್ದ. ಅದಕ್ಕೆ ಶೇರ್ಡ್ ಫೋಲ್ಡರ್ ಎನ್ನುತ್ತಾರೆ. ಒಳಗಿನಿಂದ ನೋಡಿದರೆ ಅದು ಮಷೀನಿನದೇ ಒಂದು ಡ್ರೈವಿನ ಹಾಗೆ, ಒಳಗೇ ಇದ್ದ ಹಾಗೆ ಕಾಣುತ್ತದೆ. ವರ್ಷಗಟ್ಟಲೆ ಅವನು ಒಳಗಿನಿಂದಲೇ ನೋಡಿದ್ದ. ಬ್ಯಾಕಪ್ಪಿನಲ್ಲಿ ಹೋದದ್ದು ಮಷೀನು ಮತ್ತು ಕಿಂಡಿ. ಕಿಂಡಿಯಾಚೆ ಇದ್ದ ಅಪ್ಪ ಎಕ್ಸ್‌ಚೇಂಜಿಗೆ ಹೋದ.

"ಏನಾಯ್ತಣ್ಣ?"

"ಅಪ್ಪ ಇದರಲ್ಲಿಲ್ಲ."

ಪದ್ಮಶ್ರೀ ಡಿಸ್ಕನ್ನೂ ಅಣ್ಣನನ್ನೂ ನೋಡಿದಳು. "ಇದ್ರಲ್ಲಿ ಅಪ್ಪನ ಫೋಟೋ ಭದ್ರವಾಗಿದೆ ಅಂತ ನೀನೇ ಹೇಳಿದ್ದೆ. ನಾನು ಅಮಾವಾಸ್ಯೆ ಅಮಾವಾಸ್ಯೆಗೆ ಊದಿನಕಡ್ಡಿ ಬೆಳಗ್ತಿದ್ದೆ ಕಣಣ್ಣ."

"ಯಾವುದಕ್ಕೆ?"

"ಇದಕ್ಕೇ."

"ನಿನ್ನ ಗಂಡ ಏನೂ ಅನ್ನಲಿಲ್ವಾ?"

"ಅವರೂ ಕೈ ಮುಗಿತಿದ್ರು."

ಮುಳಬಾಗಿಲು ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿ ಅವನು ಅಪ್ಪನ ಮುಖ ನೆನೆಸಿಕೊಳ್ಳಲು ನೋಡಿದ. ಬರಲಿಲ್ಲ. ಹೋದ ವರ್ಷ ಹಳೆಯ ಮದುವೆ ಫೋಟೋದಿಂದ ಆ ಮುಖವನ್ನು ಸ್ಕ್ಯಾನ್ ಮಾಡಿ, ವಾರವಿಡೀ ಕೂತು ಚುಕ್ಕೆ ಚುಕ್ಕೆಯಾಗಿ ತೊಳೆದವನು ಅವನೇ. ಬಹಳ ಹತ್ತಿರದಿಂದ ತೊಳೆದಿದ್ದ. ಎಡಗಿವಿಯ ಪಕ್ಕದ ಬಿಳಿ ಗೀರು ನೆನಪಿದೆ. ಗಲ್ಲದ ಮೇಲೆ ಜೋಳದ ಕಾಳಿನ ಹಾಗೆ ಜೋಡಿಸಿದ್ದ ಕಂದು ಚೌಕಗಳು ನೆನಪಿವೆ. ದೂರ ನಿಂತು ನೋಡಿದ್ದು ನೆನಪಿಲ್ಲ.

ಅಪ್ಪ ಮುನಿಶಾಮಿ ಅವನ ಜೊತೆ ಹೆಚ್ಚು ಮಾತಾಡಿದವನೂ ಅಲ್ಲ. ಮಗ ಎಂಎಸ್ಸಿ ಮುಗಿಸಿದ ಮೇಲೆ ಅವನನ್ನು ಹೋಗೋ ಬಾರೋ ಅನ್ನಲು ಅಪ್ಪನಿಗೆ ಬಾಯಿ ಬರಲಿಲ್ಲ. ಹೋಗಿ ಬನ್ನಿ ಅನ್ನಲು ನಾಚಿಕೆ. ಕೊನೆಗೆ ಒಂದೊಂದೇ ಪದದಲ್ಲಿ ಮಾತಾಡುವುದನ್ನು ರೂಢಿಸಿಕೊಂಡ. "ಊಟ?" "ಆಯ್ತು." "ಕಾಲೇಜು?" "ನಡೀತಿದೆ." "ಬಸ್ಸು?" "ಐದಕ್ಕೆ." ಇಪ್ಪತ್ತು ವರ್ಷ ಇಬ್ಬರೂ ಇಷ್ಟರಲ್ಲೇ ಸಂಸಾರ ಮಾಡಿದ್ದರು. ಆ ಹೊತ್ತಿನಲ್ಲೆಲ್ಲ ಮುನಿಕೃಷ್ಣ ನೋಡುತ್ತಿದ್ದದ್ದು ಅಪ್ಪನ ಹೆಗಲಾಚೆಯ ಹಲಸಿನ ಮರವನ್ನು. ಮರ ಚೆನ್ನಾಗಿ ನೆನಪಿತ್ತು.

ಫ್ಲೆಕ್ಸ್ ಅಂಗಡಿಯ ಶಿವಕುಮಾರ್ ಹುಟ್ಟುಹಬ್ಬದ ಪುಢಾರಿಯೊಬ್ಬನಿಗೆ ಕೂಲಿಂಗ್ ಗ್ಲಾಸ್ ಹಾಕುತ್ತಿದ್ದ. ಪಕ್ಕದ ಸ್ಟೂಲಿನ ಮೇಲೆ ಚಂದ್ರಮೋಹನ್.

"ನಿಮ್ಮ ಹತ್ರ ಹೋದ ವರ್ಷದ್ದು ಇರಬೇಕಲ್ವಾ?" ಮುನಿಕೃಷ್ಣ ಕೇಳಿದ.

"ಇರಲ್ಲ ಸಾರ್. ಬರ್ತ್‌ಡೇಯವರನ್ನ ಇಟ್ಕೋತೀವಿ, ವರ್ಷ ವರ್ಷ ಬರ್ತಾರೆ. ತೀರ್ಕೊಂಡೋರನ್ನ ತಿಂಗಳಿಗೊಂದ್ಸಲ ಕ್ಲೀನ್ ಮಾಡಿಬಿಡ್ತೀವಿ. ಜಾಗ ಬೇಕಲ್ಲ."

ಚಂದ್ರಮೋಹನ್ ಅಣ್ಣನ ಮುಖ ನೋಡಿದ. "ಯಾಕೆ, ನಿನ್ನ ಹತ್ರ ಇಲ್ವಾ?"

"ತಾಂತ್ರಿಕವಾಗಿ ಇತ್ತು."

"ಲೇ ಅಣ್ಣಾ."

"ವಾಟ್ಸಾಪಿನಲ್ಲಿ ಹಾಕಿದ್ದೆನಲ್ಲ, ಅದನ್ನ ತೆಗಿ."

"ನೀನೇ ಗ್ರೂಪಲ್ಲಿ ಬರೆದಿದ್ದೆ. 'ಇದು ಕಡಿಮೆ ಗುಣಮಟ್ಟದ ಪ್ರತಿ, ದಯವಿಟ್ಟು ಎಲ್ಲರೂ ಡಿಲೀಟ್ ಮಾಡಿ, ಮೂಲ ನನ್ನಲ್ಲಿ ಭದ್ರವಾಗಿದೆ.' ನಾವು ಮಾಡಿದ್ವಿ. ನೀನು ಹೇಳಿದ್ದನ್ನ ಎಲ್ರೂ ಸೇರಿ ಕೇಳಿದ್ದು ಅದೊಂದೇ ಸಲ."

ಮದುವೆ ಫೋಟೋ ಇರಲಿಲ್ಲ. ಹನ್ನೊಂದನೇ ದಿನ ಅದರ ಮುಂದೆ ಹಚ್ಚಿಟ್ಟ ದೀಪವೇ ಹಾರಕ್ಕೆ ಹತ್ತಿ, ಅಪ್ಪ ಎರಡನೇ ಸಲ ಸುಟ್ಟುಹೋಗಿದ್ದ. ಆಧಾರ್ ಕಾರ್ಡು ಇತ್ತು. ಅದನ್ನು ದೊಡ್ಡದು ಮಾಡಿ ನೋಡಿದ ಶಿವಕುಮಾರ್, "ಇದು ಯಾರು ಬೇಕಾದ್ರೂ ಆಗಬೋದು ಸಾರ್" ಎಂದ. ಮೂವರು ಮಕ್ಕಳೂ ತಂತಮ್ಮ ಫೋನು ತೆಗೆದು ಹುಡುಕಿದರು. ಅಪ್ಪ ಎಲ್ಲದರಲ್ಲೂ ಇದ್ದ. ಟ್ರಾಕ್ಟರಿನ ಮೇಲೆ ಬೆನ್ನು. ಟೊಮೆಟೊ ಬಾಕ್ಸಿನ ಹಿಂದೆ ಎರಡು ಕಾಲು. ಪದ್ಮಶ್ರೀಯ ಮಗಳ ನಾಮಕರಣದಲ್ಲಿ ಅಂಚಿನಲ್ಲೊಂದು ಕಿವಿ. ಮುಖ ಪೂರ್ತಿ ಸಿಕ್ಕಿದ್ದು ಒಂದರಲ್ಲಿ ಮಾತ್ರ, ಅದರಲ್ಲಿ ಮೂಗಿಗೆ ಹತ್ತಿ ಇಟ್ಟಿತ್ತು.

"ಹತ್ತಿ ತೆಗೀಬೋದು," ಎಂದ ಶಿವಕುಮಾರ್ ಆಲೋಚಿಸುತ್ತ. "ಕಣ್ಣು ಬಿಡಿಸೋದು ಕಷ್ಟ."

ಪದ್ಮಶ್ರೀ ಬೀದಿಯ ಕಡೆ ತಿರುಗಿ ನಿಂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಬೆನ್ನಿನಿಂದ ತಿಳಿಯಲಿಲ್ಲ.

"ಹೋದ ವರ್ಷದ ಫ್ಲೆಕ್ಸೇ ಮನೇಲಿ ಇರಬೇಕು," ಎಂದ ಚಂದ್ರಮೋಹನ್ ಕೊನೆಗೆ. "ಅಮ್ಮ ಏನೂ ಬಿಸಾಕಲ್ಲ. ಅದರಿಂದಲೇ ಫೋಟೋ ಹೊಡೆದು ಕಳಿಸು. ನಾನು ಇಲ್ಲೇ ಇರ್ತೀನಿ."

ಅಮ್ಮ ಬೈರಮ್ಮ ಏನನ್ನೂ ಬಿಸಾಕಿರಲಿಲ್ಲ. ಫ್ಲೆಕ್ಸು ಹಸುವಿನ ಕೊಟ್ಟಿಗೆಯ ಸೂರಿನ ಮೇಲಿತ್ತು.

"ಏಮ್ರಾ, ತಂದ್ಯಾ ಮುಖ?" ಎಂದಳು ಅಂಗಳದಿಂದಲೇ. ನಾಳೆಯ ಅಡುಗೆಗೆ ಅವರೆಕಾಳು ಹಿದುಕುತ್ತಿದ್ದಳು.

"ಅದನ್ನೇ ನೋಡ್ತಿದೀನಮ್ಮ."

ಏಣಿ ಹತ್ತಿ ನೋಡಿದ. ಒಂದು ವರ್ಷದ ಬಿಸಿಲಿಗೆ ಅಪ್ಪ ಬಿಳಚಿ, ಸುಣ್ಣ ಬಳಿದ ಗೋಡೆಯಾಗಿದ್ದ. ಹಾರಿಹೋಗದಿರಲೆಂದು ಹೇರಿದ್ದ ಹಳೆಯ ಟೈರಿನ ಅಡಿಯಲ್ಲಿ ಮಾತ್ರ, ದುಂಡಗೆ, ಬಣ್ಣ ಹೊಸದರಂತೆ ಉಳಿದಿತ್ತು: ಬಲಗಿವಿ, ಶಲ್ಯದ ಅಂಚು, 'ಶೋಕತಪ್ತ ಕುಟುಂಬವರ್ಗ'.

"ಅತಿನೇರಳೆ ಕಿರಣಕ್ಕೆ ಬಣ್ಣದ ಅಣುಗಳು ಒಡೆದುಹೋಗ್ತವೆ," ಎಂದು ಅವನು ಮೇಲಿನಿಂದಲೇ ವಿವರಿಸಿದ. "ಕೆಂಪು ಮತ್ತೆ ಹಳದಿ ಮೊದಲು ಹೋಗುತ್ತೆ."

"ಬಿಸಿಲಿಗೆ ನಿಂತ್ಕೋಬ್ಯಾಡಯ್ಯ ಅಂದ್ರೆ ಬದುಕಿದ್ದಾಗಲೂ ಕೇಳ್ತಿರಲಿಲ್ಲ," ಎಂದಳು ಬೈರಮ್ಮ.

ಅವನು ಇಳಿದು ಬಂದು ಎಲ್ಲವನ್ನೂ ಹೇಳಿದ. ಮಷೀನು, ಕಿಂಡಿ, ಎಕ್ಸ್‌ಚೇಂಜು. ತರಗತಿಯಲ್ಲಿ ಹೇಳುವ ಹಾಗೆ ನಿಧಾನವಾಗಿ ಹೇಳಿದ. ಬೈರಮ್ಮ ಕಾಳು ಹಿದುಕುತ್ತಲೇ ಕೇಳಿದಳು.

"ಒಟ್ನಲ್ಲಿ ಕಳ್ದೆ."

"ಕಳೆದದ್ದಲ್ಲ. ಅದು ಪ್ರತಿ ಆಗಲಿಲ್ಲ."

"ಅದೇ."

ಅವನು ಏಣಿ ತೆಗೆದಿಟ್ಟು ಕೇಳಿದ: "ನಿನಗೆ ನೆನಪಿದೆಯಾ ಅಮ್ಮ, ಅಪ್ಪನ ಮುಖ?"

"ನಾನೇನು ಮುಖ ನೋಡ್ತಾ ಕೂತಿದ್ನಾ? ಕೆಲಸ ಇರ್ತಿತ್ತು." ಅವಳ ಕೈ ಒಂದು ಗಳಿಗೆ ನಿಂತಿತು. "ಕೆಮ್ಮು ಗೊತ್ತು. ಚಪ್ಪಲಿ ಎಳೆಯೋ ಸದ್ದು ಗೊತ್ತು. ಕತ್ತಲಲ್ಲಿ ಬಂದ್ರೂ ಇದು ಅವರೇ ಅಂತ ಹೇಳ್ತಿದ್ದೆ."

ಕೆಮ್ಮನ್ನು ಫ್ಲೆಕ್ಸಿಗೆ ಹಾಕಲು ಬರುವುದಿಲ್ಲ ಎಂದು ಇಬ್ಬರಿಗೂ ತಿಳಿದಿತ್ತು.

ಅವಳು ಎದ್ದು ಬಂದು, ಅವರೆಕಾಯಿ ಸೊಗಡಿನ ಬೆರಳಿನಿಂದ ಅವನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದಳು. ಸಂತೆಯಲ್ಲಿ ಕುಂಬಳಕಾಯಿ ನೋಡುವ ಹಾಗೆ ಈ ಕಡೆ ಆ ಕಡೆ ಮಾಡಿದಳು. ಅಮ್ಮ ತನ್ನ ಮುಖವನ್ನು ಇಷ್ಟು ಹೊತ್ತು ನೋಡಿದ್ದು ಯಾವಾಗ ಎಂದು ಅವನು ಯೋಚಿಸುತ್ತಿರುವಾಗಲೇ ಹೇಳಿದಳು:

"ನಿನ್ದೇ ಹಾಕು."

"ಏನು?"

"ಮುಖ."

"ಅಮ್ಮಾ, ನಾನು ಬದುಕಿದೀನಿ."

"ಇಲ್ಲ ಅಂದೋರು ಯಾರು? ಹಣೆ ಅವರದ್ದೇ. ಮೂಗು ಒಂಚೂರು ನಮ್ಮ ಕಡೇದು, ನಡೀತದೆ. ಮೀಸೆ ಆ ಫ್ಲೆಕ್ಸಿನೋನು ಬರೀತಾನೆ. ಪದ್ದೀ, ಆ ವಿಭೂತಿ ತಗೊಂಬಾ."

ಮುನಿಕೃಷ್ಣನ ಬಳಿ ಮೂರು ಆಕ್ಷೇಪಗಳಿದ್ದವು, ಮೂರೂ ತರ್ಕಬದ್ಧವಾಗಿದ್ದವು. ಆದರೆ ಮುಖ ತರುವುದು ಅವನ ಕೆಲಸವಾಗಿತ್ತು. ಅವನ ಹತ್ತಿರ ಉಳಿದಿದ್ದದ್ದು ಅದೊಂದೇ.

ಸುಣ್ಣದ ಗೋಡೆಯ ಮುಂದೆ ಸ್ಟೂಲು ಹಾಕಿದರು. ಕನ್ನಡಕ ತೆಗೆಸಿದರು, ಲೋಕ ಮಂಜಾಯಿತು. ಹಣೆಗೆ ವಿಭೂತಿ, ಹೆಗಲಿಗೆ ಅಪ್ಪನ ಟವೆಲು. ಕೂದಲಿಗೆ ಬೈರಮ್ಮ ಗೋಧಿಹಿಟ್ಟು ಉದುರಿಸಿದಳು. ಪದ್ಮಶ್ರೀ ಫೋನು ಹಿಡಿದಳು.

"ನಗಬೇಡಣ್ಣ, ಅಪ್ಪ ನಗ್ತಿರಲಿಲ್ಲ."

"ನಗ್ತಿಲ್ಲ."

"ಕ್ಯಾಮೆರಾ ನೋಡಬೇಡ. ನನ್ನ ಹಿಂದಕ್ಕೆ ನೋಡು, ಮರ ನೋಡು."

ಅವನು ಅವಳ ಹೆಗಲಾಚೆ ನೋಡಿದ. ಹಲಸಿನ ಮರ ಹಸಿರು ಕಲೆಯಾಗಿ ನಿಂತಿತ್ತು.

"ಸ್ವಲ್ಪ ಬೇಜಾರಾಗಿರು."

"ಇದೀನಿ."

"ಸಾಲದು... ಹಾಂ, ಈಗ. ಈಗ ಸರಿಯಾಯ್ತು."

ಫೋಟೋ ಮುಳಬಾಗಿಲಿಗೆ ಹೋಯಿತು. ಸ್ವಲ್ಪ ಹೊತ್ತಿನಲ್ಲೇ ಶಿವಕುಮಾರ್‌ನಿಂದ ಉತ್ತರ ಬಂತು: 'ಸೂಪರ್ ಸಾರ್. ಇಷ್ಟು ಒಳ್ಳೆ ಫೋಟೋ ಇಟ್ಕೊಂಡು ಸುಮ್ನೆ ಯಾಕೆ ಒದ್ದಾಡಿದ್ರಿ?' ಮಧ್ಯಾಹ್ನವಷ್ಟೇ ಒಂದು ಗಂಟೆ ಹೊತ್ತು ಮುನಿಕೃಷ್ಣನ ಎದುರೇ ಕೂತಿದ್ದ ಮನುಷ್ಯ.

ಹೊತ್ತು ಮುಳುಗುವ ಮುಂಚೆ ಚಂದ್ರಮೋಹನ್ ಬೈಕಿನಲ್ಲಿ ಫ್ಲೆಕ್ಸು ತಂದ. ಊರಿನ ಬಾಗಿಲಲ್ಲಿ ಎರಡು ಸರ್ವೆ ಕಂಬ ನೆಟ್ಟು ಕಟ್ಟಿದರು. ಮೇಲೊಂದು ಬಲ್ಬು ತೂಗುಹಾಕಿದರು. ಬೈರಮ್ಮ ದೂರ ನಿಂತು ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಗಲೇ ಅವಳು ಅತ್ತದ್ದು. ಮುನಿಕೃಷ್ಣ ಹತ್ತಿರ ಹೋದಾಗ, ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದಳು: "ನೀನು ಒಂಚೂರು ಆ ಕಡೆ ನಿಂತ್ಕೋ. ಪಕ್ಕದಲ್ಲಿ ಬ್ಯಾಡ."

ಅವನು ಆ ಕಡೆ ನಿಂತ.

ಹುಲ್ಲು ಹೊತ್ತು ಬಂದ ಅಂಜಮ್ಮಜ್ಜಿ ಹೊರೆ ಇಳಿಸಿ, ತಲೆಯೆತ್ತಿ ಬಹಳ ಹೊತ್ತು ನೋಡಿದಳು. ಅಪ್ಪನ ಓರಗೆಯವಳು, ಎದುರು ಮನೆಯವಳು.

"ಅಯ್ಯೋ ಮುನಿಶಾಮಿ, ಹಂಗೇ ಕೂತವ್ನೆ ನೋಡು. ಮಾತಾಡೋದೊಂದು ಬಾಕಿ." ಕೈ ಮುಗಿದಳು. ಆಮೇಲೆ ಪಕ್ಕದಲ್ಲಿ ಯಾರೋ ಇದ್ದಾರೆಂದು ತಿಳಿದು ಕಣ್ಣು ಕಿರಿದು ಮಾಡಿದಳು. "ನೀನು ಯಾರಪ್ಪಾ?"

"ಮಗ ಅಜ್ಜಿ."

"ಯಾವ ಮಗ?"

"ದೊಡ್ಡೋನು."

"ಓ, ಕೋಲಾರದೋನಾ." ಅವಳು ಫ್ಲೆಕ್ಸನ್ನೂ ಅವನನ್ನೂ ಒಂದು ಸಲ ಹೋಲಿಸಿ ನೋಡಿ, ಕನಿಕರದಿಂದ ತಲೆಯಾಡಿಸಿದಳು. "ನಿಮ್ಮಪ್ಪನ ಕಳೆ ಒಂಚೂರೂ ಬರಲಿಲ್ಲ ನೋಡು ನಿಂಗೆ."

ಹೊರೆ ಎತ್ತಿಕೊಡುವಂತೆ ಕೈ ತೋರಿದಳು. ಎತ್ತಿಕೊಟ್ಟ. ಹೋದಳು.

ಉಳಿದವರೂ ಒಬ್ಬೊಬ್ಬರಾಗಿ ಮನೆ ಕಡೆ ನಡೆದರು. ನಂಗಲಿ ಕಡೆಗೆ ಹೋಗುವ ಒಂದು ಲಾರಿ ದೀಪ ಹಾಯಿಸಿಕೊಂಡು ಹೋಯಿತು. ಗಾಳಿಗೆ ಫ್ಲೆಕ್ಸು ಎದೆಯುಬ್ಬಿಸಿ, ಉಸಿರು ಬಿಟ್ಟಿತು. ಮೀಸೆ ಚೆನ್ನಾಗಿತ್ತು. ಅದರ ಕಣ್ಣುಗಳು ಅವನ ಹೆಗಲಾಚೆ ಏನನ್ನೋ ನೋಡುತ್ತಿದ್ದವು. ಹಿಂತಿರುಗಿ ನೋಡಿದ. ಅಲ್ಲಿ ಏನೂ ಇರಲಿಲ್ಲ.

ಮತ್ತೆ ಫ್ಲೆಕ್ಸಿನ ಕಡೆ ತಿರುಗಿದ.

"ಊಟ?" ಎಂದ ಮುನಿಕೃಷ್ಣ.

ಬಲ್ಬಿನ ಸುತ್ತ ಹುಳುಗಳು ಸೇರತೊಡಗಿದವು. ನಾಳೆ ಬಿಸಿಲು ಬರುತ್ತದೆ, ಆಮೇಲೆ ಕೊಟ್ಟಿಗೆ. ಅಷ್ಟರೊಳಗೆ ಒಂದು ಪ್ರತಿ ಇಟ್ಟುಕೊಳ್ಳುವುದು ಒಳ್ಳೆಯದು ಎಂದು ಅವನಿಗೆ ತೋರಿತು. ಇಬ್ಬರೂ ಒಟ್ಟಿಗೆ ಇರುವಂಥದ್ದು. ಅಂಥ ಫೋಟೋ ಒಂದೂ ಇರಲಿಲ್ಲ. ಫ್ಲೆಕ್ಸಿಗೆ ಬೆನ್ನು ಕೊಟ್ಟು ನಿಂತು, ಫೋನನ್ನು ತೋಳುದ್ದ ಚಾಚಿ, ತೆರೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡ.

ತೆರೆಯ ಮೇಲೆ ಹಳದಿ ಚೌಕವೊಂದು ಮೂಡಿ ಅತ್ತಿತ್ತ ಅಲೆಯಿತು. ಮುಖ ಹುಡುಕುವ ಚೌಕ. ಸರಕ್ಕನೆ ಹೋಗಿ ಮೇಲಿನ ಮೀಸೆಯ ಮುಖದ ಮೇಲೆ ಕೂತು, ಸ್ಥಿರವಾಯಿತು.

ಅವನು ಫೋನನ್ನು ಹತ್ತಿರ ತಂದ. ಬಲ್ಬು ಬೆನ್ನ ಹಿಂದಿತ್ತು. ತೆರೆಯ ಕೆಳಗೆ ಅವನಿದ್ದ ಕಡೆ ಎರಡು ಹೆಗಲು, ಅವುಗಳ ಮೇಲೊಂದು ಕತ್ತಲೆ. ಗಲ್ಲ ಎತ್ತಿದ. ಕನ್ನಡಕ ತೆಗೆದ. ಒಂದು ಹೆಜ್ಜೆ ಎಡಕ್ಕೆ ಸರಿದ, ಮತ್ತೊಂದು ಹೆಜ್ಜೆ ಸರಿದ. ಚೌಕ ಕದಲಲಿಲ್ಲ.